ಕಂಡದ್ದು ಮತ್ತು ನೆನೆದದ್ದು

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೂ ನ್ಯಾಯಸ್ಥಾನದಲ್ಲಿ ಸಾಕ್ಷಿಯು ‘ಕಣ್ಣಾರೆ ಕಂಡೆನು’ ಎಂದೊಡನೆ ಕೇಳುವವರ ಸಂಶಯವು ಬಹುಮಟ್ಟಿಗೆ ಅಡಗುವುದು. ಮನುಷ್ಯನು ಸತ್ಯವಂತನೆಂದು ತಿಳಿದಮೇಲೆ ಅವನ ಮಾತೂ ಸತ್ಯವೆಂದೇ ನಂಬುವುದು ಲೋಕರೂಢಿ. ಈ ರೂಢಿಗೆ ಆಧಾರವೆಷ್ಟು?

ನಮ್ಮ ತಾರ್ಕಿಕರು ಜ್ಞಾನವನ್ನು ಅನುಭವ, ಸ್ಮೃತಿ ಎಂದು ಎರಡಾಗಿ ವಿಭಾಗಿಸಿ, ಸಂಸ್ಕಾರಮಾತ್ರದಿಂದ ಹುಟ್ಟುವ ಸ್ಮೃತಿಗೆ ಪ್ರಮೆಯೆಂಬ ಪದವಿಯನ್ನು ಕೊಡಲಿಲ್ಲ. ಹಾಗಾದರೆ ಸಾಕ್ಷಿಯು ನುಡಿಯುವುದು ಇವೆರಡರಲ್ಲಿ ಯಾವುದನ್ನು? ವಸ್ತುವು ಕಣ್ಣಿಗೆ ಮರೆಯಾದ ಎಷ್ಟು ಹೊತ್ತಿಗೆ ಕಂಡದ್ದು ನೆನೆದದ್ದಾಗುವುದು?

೧೯೬೦ರಲ್ಲಿ ಅಮೆರಿಕದ ಜಾರ್ಜ್ ಸ್ಪರ್ಲಿಂಗ್ ಎಂಬ ಮನಶ್ಶಾಸ್ತ್ರಜ್ಞನು ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ಸ್ಮರಣೀಯವಾದುದು. ಸಾಲಿಗೆ ನಾಲ್ಕರಂತೆ ಮೂರು ಸಾಲು ಅಕ್ಷರಗಳನ್ನು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಕಾಲ ತೋರಿಸಿ ಮರೆಮಾಡಲು, ನೋಡಿದವರು ನಾಲ್ಕೈದನ್ನು ಮಾತ್ರ ಹೇಳಬಲ್ಲವರಾದರು. ಆದರೆ ತಾವು ಕಂಡದ್ದು ಇನ್ನೂ ಹೆಚ್ಚೆಂದೂ ಹೇಳುವಷ್ಟರಲ್ಲಿ ಮಾಸಿತೆಂದೂ ಅವರ ಅಹವಾಲು. ಇದನ್ನು ನೆಪವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಸ್ಪರ್ಲಿಂಗನು ಹಾಗೆ ಮಾಡದೆ, ಅಕ್ಷರಗಳು ಮರೆಯಾದ ಕೂಡಲೆ ಒಂದು ನಾದವನ್ನು ಕೇಳಿಸಿದನು: ತಾರವಾದರೆ ಮೇಲಿನ ಸಾಲು, ಮಧ್ಯಮವಾದರೆ ನಡುವಿನದು, ಮಂದ್ರವಾದರೆ ಕೆಳಗಿನದು. ಯಾವ ಸಾಲನ್ನು ಕೇಳಿದರೂ ನಾಲ್ಕರಲ್ಲಿ ಸುಮಾರು ಮೂರಕ್ಷರ ದೊರೆತುವು. ಯಾವ ಸಾಲೆಂಬುದು ಮುಂಚಿತವಾಗಿ ತಿಳಿಯದುದರಿಂದ, ಆ ಕ್ಷಣದಲ್ಲಿ ಮೂರು ಸಾಲುಗಳೂ ಬಹುಪಾಲು ಉಳಿದಿದ್ದವೆಂದಾಯಿತು. ಅವರ ಅಹವಾಲು ನಿಜವಾಗಿತ್ತು! ಆದರೆ ನಾದವು ಒಂದು ಸೆಕೆಂಡು ತಡವಾದರೆ ಈ ಲಾಭವೆಲ್ಲ ನಷ್ಟವಾಗುತ್ತಿತ್ತು.

ಅನಂತರ ಉಳಿಯುವುದು ಅತ್ಯಲ್ಪ. ೧೯೯೭ರಲ್ಲಿ ಲಕ್ ಮತ್ತು ವೋಗೆಲ್ ಎಂಬವರು ಬಣ್ಣದ ಚೌಕಗಳಿಂದ ಪರೀಕ್ಷಿಸಿ, ಒಮ್ಮೆಗೆ ಮನಸ್ಸಿನಲ್ಲಿ ನಿಲ್ಲುವುವು ಸುಮಾರು ನಾಲ್ಕೇ ಎಂದು ಕಂಡರು. ವಸ್ತುಗಳ ಸಂಖ್ಯೆಯೊಡನೆ ಮಿದುಳಿನ ನೆತ್ತಿಯ ಹಿಂಭಾಗದ ವ್ಯಾಪಾರವೂ ಏರಿ, ಈ ಮಿತಿಯ ಬಳಿಯೇ ನಿಂತುಬಿಡುವುದೆಂದು ೨೦೦೪ರಲ್ಲಿ ತಿಳಿದುಬಂದಿತು.

ಕಂಡವನಿಗೆ ಮಾತ್ರ ಈ ಕೊರತೆಯ ಅರಿವೇ ಇರದು. ೧೯೯೮ರಲ್ಲಿ ಪ್ರಕಟವಾದ ಸೈಮನ್ಸ್, ಲೆವಿನ್ ಎಂಬವರ ಪ್ರಯೋಗದಲ್ಲಿ ಒಬ್ಬನು ದಾರಿಹೋಕರನ್ನು ನಿಲ್ಲಿಸಿ ದಾರಿ ಕೇಳುತ್ತಿರಲು, ಇಬ್ಬರು ಒಂದು ಬಾಗಿಲನ್ನು ಹೊತ್ತು ನಡುವೆ ಹಾದುಹೋದರು; ಆ ಮರೆಯಲ್ಲಿ ಕೇಳುವವನೇ ಬದಲಾದನು. ಹದಿನೈದು ಮಂದಿಯಲ್ಲಿ ಎಂಟು ಮಂದಿ ಅದನ್ನು ಗಮನಿಸದೆ ದಾರಿ ಹೇಳುತ್ತಲೇ ಇದ್ದರು. ಇವರು ಕುರುಡರಲ್ಲ, ಸುಳ್ಳರೂ ಅಲ್ಲ.

ಹೀಗಿರಲು ಸಾಕ್ಷಿಯ ಧರ್ಮವೇನು? ಮೊದಲ ಕ್ಷಣದಲ್ಲಿಯೇ ನಿಲ್ಲದುದು ಆರು ತಿಂಗಳ ಮೇಲೆ ಕಟಕಟೆಯಲ್ಲಿ ದೊರೆಯುವುದೆಂತು? ಆದರೂ ಕೇಳುವವರು ಬಿಡರು. ಅಂಗಿಯ ಬಣ್ಣವಾವುದು, ಕೋಲು ಯಾವ ಕೈಯಲ್ಲಿತ್ತು, ಪಕ್ಕದಲ್ಲಿ ನಿಂತವರೆಷ್ಟು ಮಂದಿ? ಮನಸ್ಸು ಆ ತೆರವನ್ನು ಊಹೆಯಿಂದ ತುಂಬುವುದು. ತುಂಬಿದ್ದು ತಾನೆಂದು ಅದಕ್ಕೆ ತಿಳಿಯದು. ಈ ಅಸತ್ಯದಲ್ಲಿ ಪ್ರಶ್ನೆಮಾಡಿದವನ ಪಾಲೂ ಇದೆಯೆಂದೇ ಹೇಳಬೇಕು. ಮುಖವನ್ನು ನೋಡಿದೆನು, ಅಂಗಿಯನ್ನು ಗಮನಿಸಲಿಲ್ಲ ಎಂದು ಧೈರ್ಯವಾಗಿ ನುಡಿಯುವವನೂ ಒಮ್ಮೊಮ್ಮೆ ಉಂಟು. ಪ್ರತಿವಾದಿಯ ವಕೀಲನು ಅದೊಂದು ಮಾತನ್ನೇ ಹಿಡಿದು, ಇವನು ನಂಬಲರ್ಹನಲ್ಲವೆಂದು ವಾದಿಸುವನು.