ನಿಧಾನ ಯಾರದು?



ಉದಾನದಲ್ಲಿ ಸಮುದ್ರದ ಎಂಟು ಅಚ್ಚರಿಗಳನ್ನು ಹೇಳುವ ಒಂದು ಸುತ್ತವಿದೆ. ನಮ್ಮ ಭಾನುವಾರದ ಓದಿನಲ್ಲಿ ಈಚೆಗೆ ಅದು ಬಂತು. ಸಮುದ್ರ ದಡದಿಂದ ಒಮ್ಮೆಲೇ ಆಳವಾಗುವುದಿಲ್ಲ, ಮೆಲ್ಲಮೆಲ್ಲಗೆ ಇಳಿಜಾರಾಗಿ ಆಳಕ್ಕೆ ಹೋಗುತ್ತದೆ, ಧಮ್ಮದ ಕಲಿಕೆಯೂ ಹಾಗೆಯೇ ಎನ್ನುವುದು ಮೊದಲನೆಯ ಅಚ್ಚರಿ. ಅಷ್ಟು ಓದುವಷ್ಟರಲ್ಲಿ ನಮ್ಮ ಹಿರಿಯ ಉಪಾಸಿಕೆಯೊಬ್ಬರು ತಡೆದರು. "ಮೇಷ್ಟ್ರೇ, ನಿಧಾನ ನಿಧಾನ ಅಂತ ಕೇಳಿ ಕೇಳಿ ನಮ್ಮ ಮೂರು ತಲೆಮಾರು ಮಣ್ಣಿಗೆ ಹೋಯ್ತು. ಬುದ್ಧಗುರುವೂ ಅದನ್ನೇ ಹೇಳೋದಾ?" ಅಂದರು. ಸಭೆ ಸುಮ್ಮನಾಯಿತು. ಕಲಿಕೆ ಬೇರೆ, ನ್ಯಾಯ ಬೇರೆ ಅಂತ ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಅದು ಪ್ರಶ್ನೆಯಿಂದ ತಪ್ಪಿಸಿಕೊಂಡ ಹಾಗೆ. ಇದಕ್ಕೆ ಉತ್ತರ ಯೋಚಿಸುವಾಗಲೆಲ್ಲ ನನಗೆ ಒಂದು ಗಾಜಿನ ತೊಟ್ಟಿ ನೆನಪಾಗುತ್ತದೆ. ಸ್ವಲ್ಪ ಸುತ್ತುದಾರಿ, ಜೊತೆಗೆ ಬನ್ನಿ.

ನಮ್ಮ ಬಳಗದ ಒಬ್ಬರ ಮಗ ಬೆಂಗಳೂರಿನಲ್ಲಿ ಅಕ್ವೇರಿಯಂಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾನೆ. ಒಂದು ಖಾಸಗಿ ಕಚೇರಿಯ ಸಮುದ್ರದ ತೊಟ್ಟಿ ಅವನ ಕೈಗೆ ಬಂದಾಗ, ರಜೆಯಿದ್ದುದರಿಂದ ನಾನೂ ನಾಲ್ಕೈದು ಸಲ ಜೊತೆಗೆ ಹೋಗಿದ್ದೆ. ನಾಲ್ಕು ಅಡಿ ಉದ್ದದ, ಸುಮಾರು 300 ಲೀಟರಿನ ತೊಟ್ಟಿ. ಉದ್ಘಾಟನೆಗೆ ಯಾರೋ ದೊಡ್ಡವರು ಬಂದು ರಿಬ್ಬನ್ ಕತ್ತರಿಸಿದ್ದರಂತೆ. ಆಮೇಲೆ ಎರಡು ವರ್ಷ ಅದನ್ನು ಯಾರೂ ತಮ್ಮದು ಅಂದುಕೊಂಡಿಲ್ಲ. ಗಾಜಿನ ತುಂಬ ಪಾಚಿ, ಅಂಚಿನಲ್ಲಿ ಉಪ್ಪು ಹೆಪ್ಪುಗಟ್ಟಿತ್ತು, ಹೊಲಸನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಯಾವಾಗಲೋ ನಿಂತಿತ್ತು. ಒಳಗೆ, ಮಕ್ಕಳು ನೀಮೋ ಅಂತ ಕರೆಯುವ ಪಟ್ಟೆಮೀನು ಎರಡು, ಒಂದು ನೀಲಿ ಮೀನು, ಕುಗ್ಗಿ ಮುದುಡಿದ ಕೆಲವು ಮೆದು ಹವಳಗಳು. (ಕಲ್ಲಿನಂಥ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಅವನ್ನು ಕಿತ್ತು ತರುವುದು ಅಪರಾಧ. ಯಾರಾದರೂ ಶೋಕಿಗೆ ಇಡುತ್ತೇವೆ ಅಂದರೆ ಹೇಳಿ.)

ಕಚೇರಿಯ ಮ್ಯಾನೇಜರು ಬಂದು ಒಂದೇ ಮಾತು ಹೇಳಿದರು: "ಶನಿವಾರ ಹೆಡ್ಡಾಫೀಸಿನವರು ಬರ್ತಾರೆ, ಅಷ್ಟರೊಳಗೆ ಫಳಫಳ ಅನ್ನಬೇಕು." ಎರಡು ವರ್ಷ ತಿರುಗಿ ನೋಡದವರಿಗೆ ಈಗ ಮೂರು ದಿನದ ಅವಸರ.

ಹುಡುಗ ಒಪ್ಪಲಿಲ್ಲ. ಯಾಕೆ ಅಂತ ಅವನು ನನಗೆ ವಿವರಿಸಿದ್ದನ್ನು ಇಲ್ಲಿ ಹೇಳಲೇಬೇಕು. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಮಟ್ಟ ಇಳಿದಾಗ ಸಿಹಿನೀರು ಸೇರಿಸಬೇಕು. ಇಲ್ಲಿ ಯಾರೋ ಪ್ರತಿ ಸಲವೂ ಉಪ್ಪುನೀರನ್ನೇ ಸುರಿದಿದ್ದರು. ಲೀಟರಿಗೆ 35 ಗ್ರಾಂ ಇರಬೇಕಾದ ಉಪ್ಪು 40 ದಾಟಿತ್ತು. ಇನ್ನು ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಕಲ್ಲಿನ ಸಣ್ಣ ರಂಧ್ರಗಳಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟಾಗಿ ವಿಷವಲ್ಲದ ನೈಟ್ರೇಟ್ ಮಾಡುತ್ತವೆ. ಈ ಕಲ್ಲುಗಳನ್ನು ನಲ್ಲಿ ನೀರಲ್ಲಿ ತಿಕ್ಕಿ ತೊಳೆದರೆ ಕ್ಲೋರಿನ್‌ಗೆ ಆ ಬ್ಯಾಕ್ಟೀರಿಯಾಗಳೆಲ್ಲ ಸಾಯುತ್ತವೆ. ತಳದ ಮರಳನ್ನು ಒಮ್ಮೆಗೇ ಕಲಕಿದರೆ ಅಡಿಯಲ್ಲಿ ಕಪ್ಪಾಗಿ ಕೂತಿರುವ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮೇಲೆ ಬರುತ್ತದೆ.

ನನಗೆ ಅತಿ ಆಶ್ಚರ್ಯವಾದದ್ದು ಇನ್ನೊಂದು. ಹಳೆಯ ಕೊಳೆನೀರು ದಿನ ಹೋದಂತೆ ಹುಳಿಯ ಕಡೆಗೆ ವಾಲಿರುತ್ತದೆ. ಆ ಸ್ಥಿತಿಯಲ್ಲಿ ಅಮೋನಿಯಾದ ಬಹುಪಾಲು ಅಮೋನಿಯಂ ಎಂಬ ಕಡಿಮೆ ವಿಷದ ರೂಪದಲ್ಲಿರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಯಾರಾದರೂ ಅರ್ಧ ತೊಟ್ಟಿ ಹೊಸ ನೀರು ಸುರಿದರೆ ಹುಳಿ ಇಳಿಯುತ್ತದೆ, ಮಲಗಿದ್ದ ಅಮೋನಿಯಂನಲ್ಲಿ ಒಂದಿಷ್ಟು ಮತ್ತೆ ಘೋರ ಅಮೋನಿಯಾ ಆಗುತ್ತದೆ, ಶುದ್ಧ ನೀರಿನಲ್ಲೇ ಮೀನು ಸಾಯುತ್ತದೆ. "ಇವಕ್ಕೆ ಈ ಕೊಳಕು ಒಗ್ಗಿಹೋಗಿದೆ ಸರ್. ಇಷ್ಟಪಟ್ಟು ಅಲ್ಲ, ಬೇರೆ ದಾರಿ ಇಲ್ಲದೆ," ಅಂದ ಅವನು. ಆ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಹಾಗಾದರೆ ಅವನು ಮಾಡಿದ್ದೇನು? ಎಲ್ಲವನ್ನೂ ನಿಧಾನ ಮಾಡಿದ ಅಂದುಕೊಳ್ಳಬೇಡಿ. ಮೊದಲ ಗಂಟೆಯಲ್ಲೇ ಕಲ್ಲಿನ ಹಿಂದೆ ಕೊಳೆಯುತ್ತಿದ್ದ ಸತ್ತ ಮೀನನ್ನು ತೆಗೆದ. ಅದೇ ಸುತ್ತದಲ್ಲಿ, ಸಮುದ್ರ ಹೆಣವನ್ನು ಇಟ್ಟುಕೊಳ್ಳುವುದಿಲ್ಲ, ದಡಕ್ಕೆ ತಳ್ಳುತ್ತದೆ ಎಂಬ ಮಾತಿದೆ ನೋಡಿ. ತೊಟ್ಟಿಗೆ ದಡವಿಲ್ಲ, ಅಲೆಯೂ ಇಲ್ಲ. ಆ ಕೆಲಸವನ್ನು ಮನುಷ್ಯನ ಕೈಯೇ ಮಾಡಬೇಕು. ನಿಂತ ಪಂಪನ್ನು ಆ ಕೂಡಲೇ ಓಡಿಸಿ ನೀರಿಗೆ ಗಾಳಿ ಸೇರುವ ಹಾಗೆ ಮಾಡಿದ. ಕಲ್ಲಿನ ಮೇಲೆ ಐಪ್ಟೇಸಿಯಾ ಎಂಬ ಕಂದು ಬಣ್ಣದ ಕಳೆಹೂವು ಹಬ್ಬಿತ್ತು. ಅದನ್ನು ಚೂರುಚೂರಾಗಿ ಕತ್ತರಿಸಿದರೆ ಉಳಿದ ಒಂದೊಂದು ಚೂರೂ ಮತ್ತೆ ಬೆಳೆಯುತ್ತದಂತೆ! ಅದಕ್ಕೆ, ನಾವು ಎಲೆ ಅಡಿಕೆಗೆ ಹಚ್ಚುವಂಥ ಸುಣ್ಣವನ್ನೇ ಕಲಸಿ ಸಿರಿಂಜಿನಲ್ಲಿ ತುಂಬಿ, ಒಂದೊಂದರ ಬಾಯಿಗೂ ಬಿಟ್ಟು ಪೂರ್ತಿ ಮುಗಿಸಿದ. ಅಲ್ಲಿ ಕಂತಿನ ಮಾತೇ ಇಲ್ಲ. ನೀರನ್ನು ಮಾತ್ರ ವಾರಕ್ಕೆ 30 ಲೀಟರಿನಂತೆ ಬದಲಿಸಿದ. ಪ್ರತಿ ಸಲ ಅಳೆದು, ಪುಸ್ತಕದಲ್ಲಿ ಬರೆದು, ಮೀನು ಹೇಗೆ ಉಸಿರಾಡುತ್ತಿದೆ ಅಂತ ಕಿವಿರು ನೋಡಿ, ಆಮೇಲೆ ಮುಂದಿನ ಹೆಜ್ಜೆ. ಒಂದು ವಾರ ಮೀನು ಮಂಕಾದಾಗ 30ರ ಬದಲು 15 ಲೀಟರ್ ಮಾಡಿದ. ನಾಲ್ಕು ತಿಂಗಳು ಹಿಡಿಯಿತು. ಮ್ಯಾನೇಜರಿಗೆ ಸಿಟ್ಟು ಬಂತು. ಶನಿವಾರ ಪಾಚಿಯ ತೊಟ್ಟಿಯನ್ನೇ ನೋಡಿಕೊಂಡು ಹೆಡ್ಡಾಫೀಸಿನವರು ಹೋದರು.

ನನಗೆ ಅನ್ನಿಸಿದ್ದು ಇಷ್ಟು. ಆ ತೊಟ್ಟಿಯಲ್ಲಿ ವೇಗ ಹೆಚ್ಚೋ ಕಡಿಮೆಯೋ ಎನ್ನುವುದು ಪ್ರಶ್ನೆಯೇ ಆಗಿರಲಿಲ್ಲ. ವೇಗವನ್ನು ನಿರ್ಧರಿಸುವವರು ಗಾಜಿನ ಒಳಗಿನವರೋ ಹೊರಗಿನವರೋ ಎನ್ನುವುದೇ ಪ್ರಶ್ನೆ. ಹೊರಗೆ ನಿಂತವರಿಗೆ ತಮ್ಮ ಅನುಕೂಲಕ್ಕೆ ಒಮ್ಮೆ ಅವಸರ ಬರುತ್ತದೆ, ಒಮ್ಮೆ ಸಮಾಧಾನ ಬರುತ್ತದೆ. ಹುಡುಗನ ನಿಧಾನ ಆ ಜಾತಿಯದಲ್ಲ. ಒಳಗಿನ ಉಸಿರನ್ನು ಕೇಳಿ ಪ್ರತಿ ವಾರವೂ ದುಡಿದ ನಿಧಾನ ಅದು.

ಈಗ ಉಪಾಸಿಕೆಯವರ ಪ್ರಶ್ನೆಗೆ ಬರೋಣ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಬಾಂಬೆ ಶಾಸನ ಪರಿಷತ್ತು ನಿರ್ಣಯ ಮಾಡಿದ್ದು 1923ರಲ್ಲಿ. ಮಹಾಡಿನ ಪುರಸಭೆ ಅದನ್ನು ಒಪ್ಪಿತು ಕೂಡ. ಆದರೂ ಚವದಾರ್ ಕೆರೆಯ ಒಂದು ಬೊಗಸೆ ನೀರು ನಮ್ಮವರಿಗೆ ಸಿಕ್ಕಲಿಲ್ಲ. ಸಮಾಜ ಇನ್ನೂ ಸಿದ್ಧವಾಗಿಲ್ಲ, ನಿಧಾನಿಸಿ ಎನ್ನುವುದು ಗಾಜಿನ ಹೊರಗಿನ ಮಾತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ಹೋಗಿ ನೀರು ಕುಡಿದರು. ಈ ವಾರ ಶೇಕಡಾ 10ರಷ್ಟು ಕುಡಿಯಿರಿ, ಉಳಿದದ್ದು ಆಮೇಲೆ ಅಂತ ಅವರು ಯಾರಿಗೂ ಹೇಳಲಿಲ್ಲ. ಆಮೇಲೆ ನ್ಯಾಯಾಲಯದಲ್ಲಿ ಆ ವ್ಯಾಜ್ಯ ಮುಗಿದದ್ದು 1937ರಲ್ಲಿ. ಹಾಗೆಯೇ 1956ರಲ್ಲಿ ದೀಕ್ಷೆ ಪಡೆದವರಿಗೆ ಕೇಂದ್ರದ ಪರಿಶಿಷ್ಟ ಜಾತಿ ಸೌಲಭ್ಯ ಕಾನೂನಿನಲ್ಲಿ ಮರಳಿ ಬಂದದ್ದು 1990ರಲ್ಲಿ. ಆ 34 ವರ್ಷ ಕಾದವರು ಒಳಗಿನವರು, ಗಡಿಯಾರ ಹಿಡಿದವರು ಹೊರಗಿನವರು.

ಅದೇ ಬಾಬಾಸಾಹೇಬರು ಯೇವಲೆಯಲ್ಲಿ, ಹಿಂದುವಾಗಿ ಸಾಯುವುದಿಲ್ಲ ಎಂದು ಘೋಷಿಸಿದ್ದು 1935ರಲ್ಲಿ. ನಾಗಪುರದ ದೀಕ್ಷೆ 1956ರ ಅಕ್ಟೋಬರ್ 14ಕ್ಕೆ. ನಡುವೆ 21 ವರ್ಷ. ಅದೂ ನಿಧಾನವೇ. ಆದರೆ ಆ ನಿಧಾನ ಅವರದು, ನಮ್ಮದು. ಓದಿ, ಅಳೆದು, ಯಾವ ನೀರಿನಲ್ಲಿ ಈ ಜನ ಬದುಕಬಲ್ಲರು ಎಂದು ನೋಡಿದ ಕಾಲ ಅದು.

ಅಲ್ಲಿಗೆ ಸುತ್ತವನ್ನು ಪೂರ್ತಿ ಓದಬೇಕು. ಮೆಲ್ಲಗೆ ಆಳವಾಗುವ ಮಾತು ಅಲ್ಲಿರುವುದು ಶಿಕ್ಷಣಕ್ಕೆ, ಸಾಧನೆಗೆ. ಮುಂದೆ ಅದೇ ಸುತ್ತದಲ್ಲಿ ನದಿಗಳ ಮಾತು ಬರುತ್ತದೆ: ಗಂಗೆ ಯಮುನೆಗಳು ಸಮುದ್ರ ಸೇರಿದರೆ ಹಳೆಯ ಹೆಸರು ಕಳೆದುಕೊಳ್ಳುತ್ತವೆ, ನಾಲ್ಕು ವರ್ಣದವರೂ ಸಂಘಕ್ಕೆ ಬಂದರೆ ಹೆಸರು ಗೋತ್ರ ಬಿಡುತ್ತಾರೆ. ನಾಗಪುರದ ಭಾಷಣದಲ್ಲಿ ಬಾಬಾಸಾಹೇಬರು ನೆನೆದದ್ದು ಈ ಉಪಮೆಯನ್ನೇ. ನದಿ ಈ ವರ್ಷ ಅರ್ಧ ಹೆಸರು, ಮುಂದಿನ ವರ್ಷ ಇನ್ನರ್ಧ ಅಂತ ಬಿಡುವುದಿಲ್ಲ. ಕ್ಷೌರಿಕ ಉಪಾಲಿಗೆ ಶಾಕ್ಯ ಕುಮಾರರಿಗಿಂತ ಮೊದಲು ದೀಕ್ಷೆಯಾಯಿತು, ಅಂದೇ ಅವರು ಅವನಿಗೆ ಬಾಗಬೇಕಾಯಿತು.

ಇದು ಬೇರೆಯವರಿಗೆ ಹೇಳುವ ಮಾತಾಗಿದ್ದರೆ ಸುಲಭವಿತ್ತು. ನಮ್ಮ ಮನೆಗಳನ್ನೇ ನೋಡೋಣ. ಎಪ್ಪತ್ತು ದಾಟಿದ ಅವ್ವ ತನ್ನ ಜಗಲಿಯ ಮೇಲಿನ ಊರಮ್ಮನ ಫೋಟೋ ಬಿಡಲಾರಳು. ದೀಕ್ಷೆ ಪಡೆದ ಮಗ 22 ಪ್ರತಿಜ್ಞೆಗಳನ್ನು ಹಿಡಿದುಕೊಂಡು ಅದನ್ನು ಒಂದೇ ದಿನ ಹೊರಗೆ ಹಾಕುತ್ತಾನೆ, ಅವ್ವ ಊಟ ಬಿಡುತ್ತಾಳೆ. ಅಲ್ಲಿ ಉಸಿರು ಅವ್ವನದು. ಪಕ್ಕದಲ್ಲಿ ಕೂತು ದಿನಕ್ಕೊಂದು ಪುಟ ಓದಿ ಹೇಳುವ ನಿಧಾನವೇ ಅಲ್ಲಿ ಸರಿ ಅಂತ ನನ್ನ ಅಭಿಪ್ರಾಯ. ನೀವು ಒಪ್ಪದಿದ್ದರೆ ವಾದಿಸಿ.

ಆದರೆ ಅದೇ ಮನೆಯ ಮಗಳು, ವಿಹಾರದಲ್ಲಿ ಕಂಡು ಮೆಚ್ಚಿದ ಹುಡುಗನ ಹೆಸರು ಹೇಳಿದಾಗ ನಾವು ಮೊದಲು ಕೇಳುವುದು ಎಡಗೈಯೋ ಬಲಗೈಯೋ ಅಂತ. ಇಬ್ಬರೂ ತ್ರಿಸರಣ ಹೇಳುವವರು, ಇಬ್ಬರ ಮನೆಯಲ್ಲೂ ಒಂದೇ ನೀಲಿ ಕೋಟಿನ ಫೋಟೋ. ಆದರೂ "ಸಮಾಜ ಇನ್ನೂ ಅಷ್ಟು ಬದಲಾಗಿಲ್ಲಮ್ಮ, ಒಂದೆರಡು ವರ್ಷ ಹೋಗಲಿ" ಅನ್ನುತ್ತೇವೆ. ಆ ಮಾತು ಹೇಳುವಾಗ ಗಾಜಿನ ಯಾವ ಕಡೆ ನಿಂತಿದ್ದೇವೆ? ಆ ಹುಡುಗಿಯ ಮುಖ ನೋಡಿ ಯೋಚಿಸಿ. ಬರುವ ಭಾನುವಾರ ಇದನ್ನೇ ಮಾತಾಡೋಣ, ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿ, ಮೊದಲು ಅವರೇ ಮಾತಾಡಲಿ.

ಭವತು ಸಬ್ಬ ಮಂಗಲಂ. ಜೈಭೀಮ್.