ಉರಿದದ್ದು ಬೆಳಕು, ಕರಗಿದ್ದು ಪರಿಮಳ

ಮೇಷ್ಟ್ರ ಬೀಳ್ಕೊಡುಗೆಯಿರಲಿ, ತಾಯಂದಿರ ಬಗ್ಗೆ ಭಾಷಣವಿರಲಿ, ಒಂದು ಮಾತು ತಪ್ಪದೆ ಬರುತ್ತದೆ: ಮೇಣದಬತ್ತಿಯ ಹಾಗೆ ತಮ್ಮನ್ನೇ ಸುಟ್ಟುಕೊಂಡು ಬೆಳಕು ಕೊಟ್ಟರು. ಸಭೆ ತಲೆದೂಗುತ್ತದೆ. ಸುಟ್ಟುಕೊಳ್ಳುವುದು ಅಷ್ಟು ದೊಡ್ಡ ಗುಣವೇ ಎಂದು ಯಾರೂ ಕೇಳುವುದಿಲ್ಲ.

ಆ ಮೇಣದಬತ್ತಿಯನ್ನೇ ಒಮ್ಮೆ ಹತ್ತಿರದಿಂದ ನೋಡೋಣ. ಮಂಗಳೂರಿಗೆ ಕ್ಯಾಂಡಲ್ ಹೊಸದಲ್ಲ. 1680ರಲ್ಲಿ ಆರಂಭವಾದ ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚಿನಲ್ಲಾಗಲಿ, ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರದಲ್ಲಾಗಲಿ ಹರಕೆಯ ಕ್ಯಾಂಡಲ್ ಹಚ್ಚುವವರಲ್ಲಿ ಎಲ್ಲ ಮತದವರೂ ಇದ್ದಾರೆ. ನವೆಂಬರ್ 2ರಂದು ಅಗಲಿದವರ ಸಮಾಧಿಗಳ ಮೇಲೆ ಸಾಲುಸಾಲು ದೀಪ. ಇವುಗಳಲ್ಲಿ ಬಹುಪಾಲು ಪೆಟ್ರೋಲಿಯಂನಿಂದ ಬಂದ ಪ್ಯಾರಾಫಿನ್ನಿನವು. ಮನೆಯಲ್ಲಿ ಜೇನುಮೇಣ, ತೆಂಗಿನ ಮೇಣ ಬೆರೆಸಿ ಪರಿಮಳದ ಕ್ಯಾಂಡಲ್ ಮಾಡುವುದು ಬೇರೆಯೇ ಕೆಲಸ.

ತೆಂಗಿನೆಣ್ಣೆ ಸುಮಾರು 25 ಡಿಗ್ರಿಗೇ ಕರಗುತ್ತದೆ. ಕರಾವಳಿಯ ಸೆಕೆಯಲ್ಲಿ ಅದು ಹೆಪ್ಪುಗಟ್ಟುವ ದಿನಗಳೇ ಅಪರೂಪ. ಜೇನುಮೇಣವಾದರೋ 62-64 ಡಿಗ್ರಿಯವರೆಗೂ ಜಗ್ಗದು. ಆದರೆ ಬರೀ ಅದನ್ನೇ ಬಳಸಿದರೆ ಅದರ ಸ್ವಂತ ವಾಸನೆಯ ಮುಂದೆ ಬೇರೆ ಪರಿಮಳ ಏಳುವುದು ಕಷ್ಟ. ತೆಂಗಿನೆಣ್ಣೆಯನ್ನು ಗಟ್ಟಿಗೊಳಿಸಿ ಮಾಡಿದ ತೆಂಗಿನ ಮೇಣದ ಮೃದುತನಕ್ಕೆ ಜೇನುಮೇಣದ ಆಸರೆ ಸಿಕ್ಕಾಗ ಎರಡೂ ಹದಕ್ಕೆ ಬರುತ್ತವೆ. ಮೇಣಕ್ಕೆ ನೇರ ಬೆಂಕಿ ತಾಗಿಸುವಂತಿಲ್ಲ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ಬಿಸಿ ಸ್ವಲ್ಪ ತಗ್ಗಿದ ಮೇಲೆ 200 ಗ್ರಾಂ ಮೇಣಕ್ಕೆ 12 ಗ್ರಾಂನಂತೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನೋ ಲಾವಂಚದ ಎಣ್ಣೆಯನ್ನೋ ಹಾಕಿ ನಿಧಾನವಾಗಿ ತಿರುವಿ, ಬತ್ತಿ ನಿಲ್ಲಿಸಿದ ಗಾಜಿನ ಲೋಟಕ್ಕೆ ಸುರಿಯಬೇಕು. ಎಲ್ಲ ಪರಿಮಳವೂ ಬಿಸಿ ತಾಳುವುದಿಲ್ಲ. ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಹಬೆಯಲ್ಲಿ ಇಳಿಸಬಹುದು. ಮಲ್ಲಿಗೆಯನ್ನು ಹಬೆಗೊಡ್ಡಿದರೆ ಘಮವೇ ಕೆಡುತ್ತದೆ, ಅದನ್ನು ದ್ರಾವಕದಿಂದ ಹೀರಿ ತೆಗೆಯಬೇಕು.

ಇನ್ನು ಹಚ್ಚಿದ ಮೇಲಿನ ಕತೆ. 1860-61ರ ಕ್ರಿಸ್‌ಮಸ್ ಹೊತ್ತಿಗೆ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಮಕ್ಕಳಿಗೆ ಒಂದು ಕ್ಯಾಂಡಲ್ ಇಟ್ಟುಕೊಂಡೇ ಆರು ಉಪನ್ಯಾಸ ಕೊಟ್ಟ. ಮೇಣ ಕರಗುತ್ತದೆ, ಬತ್ತಿಯ ನೂಲು ಹಿಡಿದು ಮೇಲೇರುತ್ತದೆ, ಆವಿಯಾಗಿ ಉರಿಯುತ್ತದೆ, ಕೊನೆಗೆ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ ಎಂದು ಕಣ್ಣೆದುರೇ ತೋರಿಸಿದ. ನಾವು ಬೆರೆಸಿದ ಸುಗಂಧ ತೈಲಕ್ಕೂ ಜ್ವಾಲೆಯಲ್ಲಿ ಅದೇ ಗತಿ. ಬತ್ತಿಯೇರಿ ಉರಿದ ಎಣ್ಣೆಯಲ್ಲಿ ಪರಿಮಳ ಉಳಿಯುವುದಿಲ್ಲ. ಕೋಣೆ ತುಂಬುವ ಘಮ ಬರುವುದು ಜ್ವಾಲೆಯ ಸುತ್ತ ಕರಗಿ ನಿಂತ ಮೇಣದಿಂದ. ಬೆಚ್ಚಗಾದರೂ ಸುಡದೆ ಉಳಿದದ್ದರಿಂದ.

ಹಾಗೆಂದು ಬೆಂಕಿ ಬೇಡವೆನ್ನುವಂತಿಲ್ಲ. ಅದಿಲ್ಲದೆ ಮೇಣ ಕರಗುವುದೂ ಇಲ್ಲ. ಎಷ್ಟು ಬೆಂಕಿ ಎಂಬುದೇ ಪ್ರಶ್ನೆ. ಬತ್ತಿ ದಪ್ಪವಾದರೆ ಜ್ವಾಲೆ ಎತ್ತರಕ್ಕೆ ಕುಣಿದು ಗಾಜಿಗೆ ಮಸಿ ಹಿಡಿಯುತ್ತದೆ, ಎಣ್ಣೆ ವ್ಯರ್ಥವಾಗಿ ಉರಿದುಹೋಗುತ್ತದೆ. ತೀರ ತೆಳುವಾದರೆ ನಡುವೆ ಗುಂಡಿ ತೋಡಿಕೊಂಡು, ತನ್ನ ಮೇಣದಲ್ಲೇ ಮುಳುಗಿ ನಂದಿಹೋಗುತ್ತದೆ. ಹದವಾದ ಬತ್ತಿಯ ಜ್ವಾಲೆ ಸಣ್ಣದು. ಕರಗಿದ ಮೇಣ ಮಾತ್ರ ಗಾಜಿನ ಅಂಚನ್ನು ಮುಟ್ಟುತ್ತದೆ.

ಮನುಷ್ಯರ ವಿಷಯದಲ್ಲೂ ನಮಗೆ ಸಿಕ್ಕಿದ ಪರಿಮಳ ಎಲ್ಲಿಂದ ಬಂತೆಂದು ನೆನೆದು ನೋಡಿ. ಮೇಷ್ಟ್ರು ಗಂಟಲು ಹರಿದುಕೊಂಡ ಪಾಠ ಮರೆತಿದೆ. ತರಗತಿ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು ಹರಟಿದ್ದು ಉಳಿದಿದೆ. ಅಮ್ಮ ಒಲೆಯ ಮುಂದೆ ಬೆವರಿದ ಲೆಕ್ಕ ನಮ್ಮಲ್ಲಿಲ್ಲ. ಕೆಲಸ ಮುಗಿಸಿ ಜಡೆ ಹೆಣೆಯುತ್ತಾ ಹೇಳಿದ ಕತೆ ಇದೆ. ಬಿಡುವಿದ್ದಾಗ ಕೊಟ್ಟದ್ದನ್ನೇ ನಾವು ಹೆಚ್ಚು ಪಡೆದಿದ್ದೇವೆ. ಆದರೂ ಹೊಗಳುವಾಗ ಅವರ ಬಿಡುವನ್ನಲ್ಲ, ಸುಟ್ಟುಕೊಂಡದ್ದನ್ನೇ ಹೊಗಳುತ್ತೇವೆ.

ಹಾಗೆ ಹೊಗಳುವುದರಲ್ಲಿ ನಮಗೊಂದು ಅನುಕೂಲವಿದೆ. ಯಾವ ದಪ್ಪದ ಬತ್ತಿ ಎಂದು ಮೇಣ ಆರಿಸಿಕೊಳ್ಳುವುದಿಲ್ಲ. ಬತ್ತಿಯನ್ನು ಆರಿಸಿ ನಿಲ್ಲಿಸುವವರು ಮೇಣ ಸುರಿದವರು. ಒಬ್ಬರು ಅಳತೆ ಮೀರಿ ಉರಿಯುತ್ತಿದ್ದರೆ ಆ ಅಳತೆ ಇಟ್ಟದ್ದು ಮನೆಯೋ, ಕಚೇರಿಯೋ, ಶಾಲೆಯೋ ಆಗಿರುತ್ತದೆ. ತ್ಯಾಗವೆಂದು ಕೊಂಡಾಡಿಬಿಟ್ಟರೆ ಆ ಲೆಕ್ಕ ಕೇಳುವವರೇ ಇರುವುದಿಲ್ಲ. ಆದ್ದರಿಂದ ಯಾರನ್ನಾದರೂ ತ್ಯಾಗಮೂರ್ತಿ ಎಂದು ಕರೆಯುವ ಮೊದಲು, ಅವರ ಕೆಲಸದಲ್ಲಿ ಅರ್ಧವನ್ನು ನೀವು ಕೈಗೆತ್ತಿಕೊಳ್ಳಿ. ಹೊಗಳಿಕೆ ಆಮೇಲೆ ಇರಲಿ.