ಸುಳಿ, ಮಳಲು ಮತ್ತು ಗುಳ್ಳೆ

ಪ್ರವಾಹದಲ್ಲಿ ಸಿಕ್ಕಿದ ವಸ್ತುವಿನ ಗತಿಗೆ ಕಾರಣವು ಪ್ರವಾಹವೋ, ವಸ್ತುವಿನ ಸ್ವಭಾವವೋ? "ಕಾಲವೇ ಹಾಗಿದೆ, ಎಲ್ಲರಂತೆ ನಾವೂ ಹೋದೆವು" ಎಂದು ಹೊಣೆಯಿಂದ ಜಾರಿಕೊಳ್ಳುವ ರೂಢಿಯು ಲೋಕದಲ್ಲಿ ಬಹಳವಾಗಿರುವುದರಿಂದ ಈ ಪ್ರಶ್ನೆಯು ವಿಚಾರಾರ್ಹವಾದುದು.

ಬುಕ್ಕಸಾಗರದ ಬಳಿ ತುಂಗಭದ್ರೆಯು ಬಂಡೆಗಳಿಗೆ ತಾಗಿ ಸುಳಿಸುಳಿಯಾಗಿ ಹರಿಯುವಳು. ಮಳೆಗಾಲದ ಕೆನ್ನೀರಿನ ಒಂದು ಸುಳಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಅದರಲ್ಲಿ ಜೇಡಿಯ ಸೂಕ್ಷ್ಮಕಣವೂ ಮಳಲಿನ ಹರಳೂ ಗಾಳಿಯ ಗುಳ್ಳೆಯೂ ಒಟ್ಟಿಗೆ ಸಿಕ್ಕಿರುವುವು. ಜೇಡಿಯ ಕಣವು ನೀರು ತಿರುಗಿದಂತೆಯೇ ತಿರುಗುವುದು. ಹರಳು ನೀರಿಗಿಂತ ಭಾರವಾದುದರಿಂದ ತಿರುವಿನಲ್ಲಿ ನೀರಿನೊಡನೆ ಬಾಗಲಾರದೆ ಹೊರಕ್ಕೆ ಸರಿದು, ಸುಳಿಗಳ ನಡುವಣ ಎಡೆಯಲ್ಲಿ ತನ್ನಂಥವುಗಳೊಡನೆ ಕೂಡುವುದು. ಗುಳ್ಳೆಯಾದರೋ, ಸುಳಿಯ ನಡುವೆ ಒತ್ತಡವು ಕಡಮೆಯಾಗಿರುವುದರಿಂದ ಅಲ್ಲಿಗೇ ಸೆಳೆಯಲ್ಪಡುವುದು. ಸುಳಿ ಒಂದು, ಗತಿ ಮೂರು. ಆದುದರಿಂದ ಪ್ರವಾಹವೊಂದೇ ಕಾರಣವೆಂಬ ಮಾತು ನಿಲ್ಲದು.

"ಕಣವು ತನ್ನ ತೂಕವನ್ನು ತಾನು ಆರಿಸಿಕೊಳ್ಳಲಿಲ್ಲವಷ್ಟೆ, ಮನುಷ್ಯನ ಸ್ವಭಾವವೂ ಹಾಗೆಯೇ" ಎಂದು ಆಕ್ಷೇಪಿಸಬಹುದು. ಹರಳಿನ ಮಟ್ಟಿಗೆ ಇದು ನಿಜ. ನಿಶ್ಚಲವಾದ ನೀರಿನಲ್ಲಿ ಸೂಕ್ಷ್ಮವಾದ ಗುಂಡು ಮುಳುಗುವ ವೇಗವನ್ನು 1851ರಲ್ಲಿ ಸ್ಟೋಕ್ಸ್ ಎಂಬ ವಿದ್ವಾಂಸನು ಗಣಿತದಿಂದ ನಿರ್ಣಯಿಸಿದನು: ದ್ರವ್ಯವು ಒಂದೇ ಆಗಿದ್ದರೆ, ವ್ಯಾಸವು ಹತ್ತರಷ್ಟಾದಾಗ ವೇಗವು ನೂರರಷ್ಟಾಗುವುದು. ಈ ನಿಯಮವನ್ನು ಕಣವು ಮೀರಲಾರದು. ಮನುಷ್ಯನ ಸ್ವಭಾವದಲ್ಲಾದರೋ ಅಭ್ಯಾಸದ ಪಾಲುಂಟು. ದಿನದಿನದ ನಡತೆಯಿಂದ ಅವನು ತನ್ನ ತೂಕವನ್ನು ಕೂಡಿಸಿಕೊಳ್ಳುವನು, ಇಲ್ಲವೆ ಕಳೆದುಕೊಳ್ಳುವನು.

"ಒಬ್ಬನಿಂದ ಪ್ರವಾಹಕ್ಕೇನಾದೀತು?" ಎಂಬುದು ಎರಡನೆಯ ನೆವ. ಮಣ್ಣು ದಟ್ಟವಾಗಿ ಬೆರೆತಾಗ ನದಿಯ ತಳದ ಬಳಿ ನೀರಿನ ಕ್ಷೋಭೆಯೇ ತಗ್ಗುವುದುಂಟು. ಒಯ್ಯಲ್ಪಡುವ ವಸ್ತುವು ಒಯ್ಯುವುದನ್ನೂ ಮಾರ್ಪಡಿಸುವುದು. ಇನ್ನು, ಬುಕ್ಕಸಾಗರದಿಂದ ಮೇಲ್ಗಡೆ ಇರುವ ತುಂಗಭದ್ರಾ ಜಲಾಶಯವನ್ನು ನೋಡಿರಿ. ಹರಿವು ಮಂದವಾದೆಡೆ ಕಣಗಳನ್ನು ಎತ್ತಿಹಿಡಿದಿದ್ದ ಕ್ಷೋಭೆಯು ಅಡಗಿ, ಅವು ತಳಕ್ಕಿಳಿಯುವುವು. 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಆ ಜಲಾಶಯದ ಪ್ರಮಾಣವು 2016ರ ಅಳತೆಯಲ್ಲಿ ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿತ್ತು. ಕಣ್ಣಿಗೆ ಕಾಣದ ಯಾವ ಕಣವೂ ತಾನೊಂದೇ ಜಲಾಶಯವನ್ನು ತುಂಬಲಿಲ್ಲ. ಆದರೆ ಅಂಥ ಕಣಗಳಲ್ಲದೆ ಬೇರಾವುದೂ ಅದನ್ನು ತುಂಬಲಿಲ್ಲ.

ಬೋಳಾದ ಗುಡ್ಡ, ಬದುವಿಲ್ಲದ ಹೊಲ, ಅಗೆದು ಬಿಟ್ಟ ನೆಲ—ಮಣ್ಣು ಕೊಚ್ಚಿಹೋಗುವುದು ಇಂಥ ಕಡೆಗಳಿಂದಲೇ. ಇವೊಂದೊಂದರ ಹಿಂದೆಯೂ "ಎಲ್ಲರೂ ಮಾಡುವರು" ಎಂದ ಒಬ್ಬ ಮನುಷ್ಯನಿರುವನು. ಪ್ರವಾಹವನ್ನು ನಿಲ್ಲಿಸುವ ಬಲವು ಒಬ್ಬನಿಗಿಲ್ಲದಿರಬಹುದು. ತನ್ನ ಹೊಲದ ಬದುವನ್ನು ಕಟ್ಟುವ ಬಲವು ಇದ್ದೇ ಇರುವುದು. ಅವನ ಹೊಣೆಯೂ ಅಷ್ಟರದೇ, ಅದಕ್ಕಿಂತ ಕಡಮೆಯದಲ್ಲ.